ಬೂಸ್ಟರ್‌ಗಿಂತ ಮೊದಲು ದಿಕ್ಕು: ತೋಟದ ಮನೆಗೆ ಮೈಸೂರು ಆಕಾಶವಾಣಿ ತಂದ ನನ್ನ ಅನುಭವ

ರೇಡಿಯೊಗೆ ಬೂಸ್ಟರ್, ಅಂದರೆ ಆಂಟೆನಾ ಹಿಡಿದ ಸಿಗ್ನಲನ್ನು ದೊಡ್ಡದು ಮಾಡುವ ಡಬ್ಬಿ, ಹಾಕಿದರೆ ಸ್ಟೇಷನ್ ಬರುತ್ತಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದೇ ಪ್ರಶ್ನೆ ಹಾಕುತ್ತೇನೆ. ಈಗ ಏನಾದರೂ ಕೇಳಿಸ್ತಾ ಇದೆಯಾ? ಶ್‌ಶ್ ಅನ್ನುವ ಸದ್ದಿನ ಹಿಂದೆ ಒಂದು ಮಾತೋ, ಹಾಡಿನ ಒಂದು ತುಣುಕೋ ಇದ್ದರೆ ದಾರಿ ಇದೆ. ಬರೀ ಸದ್ದೇ ಇದ್ದರೆ ಬೂಸ್ಟರ್ ಆ ಸದ್ದನ್ನೇ ಜೋರು ಮಾಡಿ ಕೊಡುತ್ತದೆ. ಆಂಟೆನಾ ಹಿಡಿಯದೇ ಇದ್ದದ್ದನ್ನು ಬೂಸ್ಟರ್ ಹುಟ್ಟಿಸುವುದಿಲ್ಲ.

ನಾನು ರೇಡಿಯೊ, ಟಿವಿ ರಿಪೇರಿ ಮಾಡಿಕೊಂಡು ಬಂದವನು. ಈಗ ಅಂಗಡಿ ಇಲ್ಲ, ಸೋಮವಾರಪೇಟೆ ಹತ್ತಿರ ಸ್ವಲ್ಪ ಕಾಫಿ, ಮೆಣಸು ಇದೆ. ಮನೆ ಇರುವುದು ತಗ್ಗಿನಲ್ಲಿ. ಹಿಂದುಗಡೆ ಒಂದು ಗುಡ್ಡ, ಸುತ್ತಲೂ ಸಿಲ್ವರ್ ಮರ. ನಮ್ಮ ಅತ್ತೆ ಮೈಸೂರಿನವರು. ಇಲ್ಲಿಗೆ ಬಂದು ಇರುವುದಕ್ಕೆ ಶುರು ಮಾಡಿದ ಮೇಲೆ ಅವರದ್ದು ಒಂದೇ ದೂರು. "ಮಡಿಕೇರಿ ಚೆನ್ನಾಗೇ ಬರುತ್ತೆ ಬಿಡಿ. ಆದ್ರೆ ನಮ್ಮ ಮೈಸೂರು ಬರಲ್ವಲ್ಲ ಅಳಿಯಂದಿರೇ."

ಫೋನಿನಲ್ಲಿ ಕೇಳಬಹುದಲ್ಲ ಅಂತ ನೀವು ಹೇಳಬಹುದು. ನಮ್ಮಲ್ಲಿ ನೆಟ್‌ವರ್ಕ್ ಬರುವುದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ. ಬೆಳಗಿನ ಚಿಂತನ ಕೇಳಲು ಅತ್ತೆಯನ್ನು ಅಲ್ಲಿಗೆ ಕಳಿಸುವುದಾ? ಮತ್ತೆ ಮೈಸೂರು ಕೇಂದ್ರ ಅಂದರೆ ಅಂಥಿಂಥದ್ದಲ್ಲ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಶುರು ಮಾಡಿದ ಬಾನುಲಿ ಅದು. ಅತ್ತೆಗೆ ಅದರ ಮೇಲೆ ಹಕ್ಕು ಜಾಸ್ತಿ.

ಕೆಲಸಕ್ಕೆ ಕೈ ಹಾಕುವ ಮೊದಲು ನಾನು ಮಾಡಿದ್ದು ನಕ್ಷೆ ತೆಗೆದು ನೋಡಿದ್ದು. ಇದನ್ನು ಬಹಳ ಜನ ಮಾಡುವುದಿಲ್ಲ. ಸೀದಾ ಅಂಗಡಿಗೆ ಹೋಗಿ ಬೂಸ್ಟರ್ ತರುತ್ತಾರೆ.

ಸೋಮವಾರಪೇಟೆಯಿಂದ ಮೈಸೂರು ನೇರ ಗೆರೆಯಲ್ಲಿ ಸುಮಾರು 90 ಕಿ.ಮೀ. ದಿಕ್ಕು ಪೂರ್ವ, ಸ್ವಲ್ಪ ದಕ್ಷಿಣಕ್ಕೆ ವಾಲಿದ್ದು. ಅಲ್ಲಿನ ಎಫ್‌ಎಂ 100.6 ಮೆಗಾಹರ್ಟ್ಸ್. ಮಡಿಕೇರಿ ಇರುವುದು ನೈಋತ್ಯಕ್ಕೆ, 25 ಕಿ.ಮೀ. ಒಳಗೆ, 103.1. ಹಾಸನ ಈಶಾನ್ಯಕ್ಕೆ, ಸುಮಾರು 50 ಕಿ.ಮೀ., 102.2. ಮಂಗಳೂರು ಪಶ್ಚಿಮಕ್ಕೆ, ಘಟ್ಟದ ಆಚೆ, ಸುಮಾರು 110 ಕಿ.ಮೀ., ಅದರ ಎಫ್‌ಎಂ 100.3. ಅಂದರೆ ನಮಗೆ ಬೇಕಾದ 100.6ಕ್ಕೂ ಅದಕ್ಕೂ ಮಧ್ಯೆ ಇರುವುದು 0.3 ಮೆಗಾಹರ್ಟ್ಸ್ ಅಷ್ಟೇ.

ಈ ನಾಲ್ಕನ್ನು ಕಾಗದದ ಮೇಲೆ ಗುರುತು ಹಾಕಿ ಗೆರೆ ಎಳೆದೆ. ಮಂಗಳೂರು, ನಮ್ಮೂರು, ಮೈಸೂರು ಮೂರೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಬಂದವು. ಮಡಿಕೇರಿ, ನಮ್ಮೂರು, ಹಾಸನ ಇನ್ನೊಂದು ಗೆರೆ. ಎರಡು ಗೆರೆಗಳೂ ನಮ್ಮ ಮನೆಯ ಮೇಲೆ ಸುಮಾರು ಲಂಬ ಕೋನದಲ್ಲಿ ಅಡ್ಡ ಹಾಯುತ್ತಿದ್ದವು. ಇದನ್ನು ನೋಡಿ ನನಗೆ ಖುಷಿಯಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಂಗಡಿ ಬೂಸ್ಟರ್ ಏನು ಮಾಡುತ್ತದೆ ಅಂತ ತೋರಿಸುವುದಕ್ಕೆ ಒಂದನ್ನು ಹಾಕಿ ನೋಡಿದೆ. ಹಳೆ ಕೇಬಲ್ ಟಿವಿ ಕಾಲದ ಮಾಲು. ಮೇಲೆ 47ರಿಂದ 862 ಮೆಗಾಹರ್ಟ್ಸ್ ಅಂತ ಬರೆದಿರುತ್ತದಲ್ಲ, ಅಂಥದ್ದು. ಒಳಗೆ ಎರಡು ಟ್ರಾನ್ಸಿಸ್ಟರ್, ಗೇನ್, ಅಂದರೆ ಸಿಗ್ನಲ್ ಎತ್ತುವ ಪ್ರಮಾಣ, ಇಪ್ಪತ್ತಕ್ಕಿಂತ ಜಾಸ್ತಿ ಡಿಬಿ (ಡೆಸಿಬೆಲ್, ಪ್ರತಿ 10 ಡಿಬಿಗೆ ಶಕ್ತಿ ಹತ್ತು ಪಟ್ಟು). ಮನೆ ಮಾಡಿನ ಮೇಲಿದ್ದ ಸಾದಾ ಡೈಪೋಲ್ ಆಂಟೆನಾಕ್ಕೆ ಸೇರಿಸಿ ಕೆಳಗೆ ರೇಡಿಯೊ ಹಚ್ಚಿದೆ. ಮುಳ್ಳು ತಿರುಗಿಸುತ್ತಾ ಹೋದರೆ ಬ್ಯಾಂಡ್ ತುಂಬಾ ಸ್ಟೇಷನ್! ಮನೆಯವರಿಗೆಲ್ಲ ಭಾರಿ ಸಂತೋಷ. 101.3ರಲ್ಲೂ ಏನೋ ಹಾಡು. ಬೆಂಗಳೂರಿನ ರೈನ್‌ಬೋ ಬರುವ ಜಾಗ ಅದು. ಬೆಂಗಳೂರೇ ಬಂತು ಅಂತ ಮಗ ಕುಣಿದ.

ಬಂದದ್ದು ಬೆಂಗಳೂರಲ್ಲ. ಹಾಸನದ 102.2ನ್ನು ಎರಡರಿಂದ ಗುಣಿಸಿ. 204.4. ಅದರಲ್ಲಿ ಮಡಿಕೇರಿಯ 103.1 ಕಳೆಯಿರಿ. ಉತ್ತರ ಕರೆಕ್ಟಾಗಿ 101.3! ಬೂಸ್ಟರ್‌ನ ಟ್ರಾನ್ಸಿಸ್ಟರ್‌ಗೆ ತಡೆಯಲಾರದಷ್ಟು ಜೋರಾದ ಎರಡು ಸಿಗ್ನಲ್ ಒಟ್ಟಿಗೆ ಬಂದರೆ ಅದು ಅವುಗಳನ್ನು ಬೆರೆಸಿ ಹೊಸ ಫ್ರೀಕ್ವೆನ್ಸಿಗಳನ್ನು ಹುಟ್ಟುಹಾಕುತ್ತದೆ. ಇದಕ್ಕೆ ಇಂಟರ್‌ಮಾಡ್ಯುಲೇಷನ್ ಅನ್ನುತ್ತಾರೆ. ಇನ್ನೊಂದು ಕಡೆ, ಮಡಿಕೇರಿಯ ಎರಡರಷ್ಟರಲ್ಲಿ ಹಾಸನ ಕಳೆದರೆ 104.0. ಅಲ್ಲೂ ಹೋಗಿ ಕೇಳಿದೆ. ಅಲ್ಲೂ ಇದೇ ಕಲಸುಮೇಲೋಗರ.

ಕಿವಿಯಲ್ಲೂ ಇದು ಗೊತ್ತಾಗುತ್ತದೆ. ಸುಳ್ಳು ಸ್ಟೇಷನ್‌ನಲ್ಲಿ ದನಿ ಒಡೆದಿರುತ್ತದೆ. ಒಂದು ಕಾರ್ಯಕ್ರಮದ ಹಿಂದೆ ಇನ್ನೊಂದು ನುಸುಳುತ್ತದೆ. ಅನುಮಾನ ಇದ್ದರೆ ಇನ್ನೊಂದು ಪರೀಕ್ಷೆ ಇದೆ. ಆಂಟೆನಾಕ್ಕೂ ಬೂಸ್ಟರ್‌ಗೂ ನಡುವೆ ಸಿಗ್ನಲನ್ನು 6 ಡಿಬಿ ತಗ್ಗಿಸುವ ಅಟೆನ್ಯುಯೇಟರ್ ಸೇರಿಸಿ. ಅದು ಸಿಗದಿದ್ದರೆ ಕೇಬಲ್‌ನವರ ಸ್ಪ್ಲಿಟರ್ ಹಾಕಿದರೂ ಆಯಿತು, ಎರಡು ದಾರಿಯದ್ದು ಮೂರೂವರೆ ಡಿಬಿಯಷ್ಟು ತಿನ್ನುತ್ತದೆ. ನಿಜವಾದ ಸ್ಟೇಷನ್ ಆದರೆ 6 ಡಿಬಿ ಇಳಿದು ಸ್ವಲ್ಪ ಮಂಕಾಗುತ್ತದೆ. ಈ ಜಾತಿಯ ಸುಳ್ಳು ಸ್ಟೇಷನ್ ಮೂರು ಪಟ್ಟು, ಅಂದರೆ 18 ಡಿಬಿ ಕುಸಿಯುತ್ತದೆ. ನಮ್ಮ 101.3 ಪೂರ್ತಿ ಮಾಯವಾಯಿತು. ಮಗನ ಮುಖವೂ ಸಪ್ಪಗಾಯಿತು.

ಇಷ್ಟೆಲ್ಲಾ ಗದ್ದಲದಲ್ಲಿ 100.6ರಲ್ಲಿ ಏನಿತ್ತು? ಏನೂ ಇರಲಿಲ್ಲ. ಬೂಸ್ಟರ್ ತೆಗೆದರೆ ಎಲ್ಲೋ ಹಿಂದೆ ಒಂದು ಪಿಸುದನಿ ಇತ್ತು. ಬೂಸ್ಟರ್ ಹಾಕಿದಾಗ ಅದೂ ಮುಳುಗಿಹೋಯಿತು.

ಹಳೆ ಟಿವಿ ಕಾಲದಲ್ಲೂ ಇದೇ ಕಥೆ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಮಲೆನಾಡಿನಲ್ಲಿ ಭಾನುವಾರ ಬೆಳಗ್ಗೆ ಅಂದರೆ ಮಾಡಿನ ಮೇಲೆ ಒಬ್ಬ, ಕಿಟಕಿಯಲ್ಲಿ ಒಬ್ಬ. "ಬಂತಾ?" "ಇಲ್ಲ, ಇನ್ನೂ ಚುಕ್ಕೆ." "ಈಗ?" "ಹಾಂ ಹಾಂ, ಅಲ್ಲೇ ನಿಲ್ಲಿಸು!" ಆಗ ಎಲ್ಲರೂ ಬೂಸ್ಟರ್ ಕೊಂಡರು. ಮುಕ್ಕಾಲು ಪಾಲು ಜನ ಅದನ್ನು ಇಟ್ಟದ್ದು ಎಲ್ಲಿ? ಟಿವಿ ಪಕ್ಕದಲ್ಲಿ, ಕಸೂತಿ ಬಟ್ಟೆಯ ಮೇಲೆ. ಕೆಂಪು ದೀಪ ಉರಿಯುವುದು ಕಾಣಬೇಕಲ್ಲ!

ಅಲ್ಲಿಟ್ಟರೆ ಪ್ರಯೋಜನ ಬಹಳ ಕಮ್ಮಿ. ಯಾಕೆ ಅಂದರೆ, ಸಿಗ್ನಲ್ ಎಷ್ಟು ದೊಡ್ಡದು ಅನ್ನುವುದು ಮುಖ್ಯ ಅಲ್ಲ, ಸದ್ದಿಗಿಂತ ಎಷ್ಟು ದೊಡ್ಡದು ಅನ್ನುವುದು ಮುಖ್ಯ. ಆಂಟೆನಾದಿಂದ ಹೊರಟ ಸಿಗ್ನಲ್ ಕೇಬಲ್‌ನಲ್ಲಿ ಬರುತ್ತಾ ಬರುತ್ತಾ ಸೊರಗುತ್ತದೆ. ಕೆಳಗೆ ಬಂದಾಗ ರೇಡಿಯೊದ ಸ್ವಂತ ಸದ್ದಿನ ಮಟ್ಟಕ್ಕೆ ಇಳಿದಿರುತ್ತದೆ. ಅಲ್ಲಿ ಬೂಸ್ಟರ್ ಇಟ್ಟರೆ ಸೊರಗಿದ ಸಿಗ್ನಲ್ ಜೊತೆಗೆ ಸದ್ದೂ ಬೆಳೆಯುತ್ತದೆ. ಮೇಲೆ, ಆಂಟೆನಾದ ಬುಡದಲ್ಲೇ ಇಟ್ಟರೆ ಸಿಗ್ನಲ್ ಇನ್ನೂ ಚೊಕ್ಕವಾಗಿರುವಾಗಲೇ ಎತ್ತಿದ ಹಾಗಾಗುತ್ತದೆ. ಆಮೇಲೆ ಕೇಬಲ್ ತಿಂದರೂ ಚಿಂತೆ ಇಲ್ಲ. ಮೊದಲ ಹಂತದ ಗೇನ್ ಸಾಕಷ್ಟಿದ್ದರೆ ಅದರ ಸದ್ದೇ ಇಡೀ ಸಾಲಿನ ಹಣೆಬರಹ ಬರೆಯುತ್ತದೆ ಅಂತ ಫ್ರೀಸ್ ಅನ್ನುವ ಎಂಜಿನಿಯರ್ 1944ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾನೆ.

ಡಿಟಿಎಚ್ ತಟ್ಟೆ ನೋಡಿ. ಅದರ ಮೂತಿಯ ಹತ್ತಿರ ಇರುವ ಎಲ್‌ಎನ್‌ಬಿ ಅನ್ನುವ ಪುಟ್ಟ ಡಬ್ಬಿ ಮಾಡುವ ಮೊದಲ ಕೆಲಸ ಇದೇ. ಅದಕ್ಕೆ ಬೇಕಾದ 13 ಇಲ್ಲವೇ 18 ವೋಲ್ಟ್ ಕೆಳಗಿನ ಬಾಕ್ಸ್‌ನಿಂದ ಅದೇ ಕೇಬಲ್‌ನಲ್ಲಿ ಮೇಲೆ ಹೋಗುತ್ತದೆ. ನಾನು ಮಾಡಿದ್ದೂ ಹಾಗೇ.

ಮೊದಲು ಆಂಟೆನಾ. ನಮ್ಮ ಕಡೆ ಇದಕ್ಕೆ ಮೀನಿನ ಮುಳ್ಳು ಅಂತಲೂ ಹೇಳುತ್ತಾರೆ, ಯಾಗಿ ಆಂಟೆನಾ. ಹಾರ್ಡ್‌ವೇರ್ ಅಂಗಡಿಯ ಅಲ್ಯೂಮಿನಿಯಂ ಪೈಪಿನಲ್ಲಿ ಐದು ಕಡ್ಡಿಯದ್ದು ಮಾಡಿದೆ. 100.6ಕ್ಕೆ ಅಲೆಯ ಉದ್ದ 2.98 ಮೀಟರ್. ಹಿಂದಿನ ರಿಫ್ಲೆಕ್ಟರ್ 1.5 ಮೀಟರ್, ಸಿಗ್ನಲ್ ತೆಗೆಯುವ ಮಡಚಿದ ಡೈಪೋಲ್ 1.42, ಮುಂದಿನ ಮೂರು ಡೈರೆಕ್ಟರ್ 1.33ರಿಂದ ಸ್ವಲ್ಪ ಸ್ವಲ್ಪ ಕಮ್ಮಿ. ಮಡಚಿದ ಡೈಪೋಲ್ ಸುಮಾರು 300 ಓಮ್, ಕೇಬಲ್ 75 ಓಮ್. ಎರಡನ್ನೂ ಹೊಂದಿಸಲು ಅದೇ ಆರ್‌ಜಿ-6 (ಡಿಟಿಎಚ್‌ಗೆ ಬಳಸುವಂಥ) ಕೇಬಲ್‌ನ ಒಂದು ಅರ್ಧ ಅಲೆಯ ಕುಣಿಕೆ ಸಾಕು. ಅರ್ಧ ಅಲೆ ಅಂದರೆ 1.49 ಮೀಟರ್ ಅಲ್ಲ. ಕೇಬಲ್ ಒಳಗೆ ಅಲೆ ನಿಧಾನ. ನೊರೆ ಪ್ಲಾಸ್ಟಿಕ್ ಇರುವ ಆರ್‌ಜಿ-6ಕ್ಕೆ ಸುಮಾರು 0.83ರಿಂದ ಗುಣಿಸಬೇಕು. 1.24 ಮೀಟರ್ ಬಂತು.

ಈಗ ಆ ಎರಡು ಗೆರೆಗಳ ವಿಷಯ. ಅಡ್ಡ ಮಲಗಿಸಿದ ಯಾಗಿ ಆಂಟೆನಾ ಮುಂದೆ ಚೆನ್ನಾಗಿ ಹಿಡಿಯುತ್ತದೆ, ಹಿಂದೆ ಕಮ್ಮಿ, ಕಡ್ಡಿಗಳ ತುದಿ ಇರುವ ಪಕ್ಕಗಳಲ್ಲಿ ಬಹಳ ಕಮ್ಮಿ. ಮೂತಿಯನ್ನು ಮೈಸೂರಿಗೆ ತಿರುಗಿಸಿದರೆ ನಮ್ಮ ಜಾಗದಿಂದ ಮಡಿಕೇರಿ ಒಂದು ಪಕ್ಕಕ್ಕೆ ಬಿತ್ತು, ಹಾಸನ ಇನ್ನೊಂದು ಪಕ್ಕಕ್ಕೆ. ಮಂಗಳೂರು ಬೆನ್ನಿಗೆ! ಗದ್ದಲ ಮಾಡುವ ಎರಡೂ ಆಂಟೆನಾದ ಕಿವುಡು ಕಿವಿಗೆ ಸಿಕ್ಕಿಕೊಂಡವು. ಎಲ್ಲರಿಗೂ ಇಷ್ಟು ಅನುಕೂಲವಾದ ನಕ್ಷೆ ಸಿಗುವುದಿಲ್ಲ. ಆದರೆ ನೋಡದೇ ಇದ್ದರೆ ಸಿಕ್ಕಿದೆಯೋ ಇಲ್ಲವೋ ಅಂತಲೂ ಗೊತ್ತಾಗುವುದಿಲ್ಲ, ಅಲ್ವಾ?

ಕಂಪ್ಯೂಟರ್‌ಗೆ ಸಿಕ್ಕಿಸುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಒಂದು ನನ್ನ ಹತ್ತಿರ ಇದೆ. ಅದರಲ್ಲಿ ಇಡೀ ಬ್ಯಾಂಡ್ ಪರದೆಯ ಮೇಲೆ ಕಾಣುತ್ತದೆ. ಸಾದಾ ಡೈಪೋಲ್‌ನಲ್ಲಿ ಮಡಿಕೇರಿ ಮೈಸೂರಿಗಿಂತ 45 ಡಿಬಿಯಷ್ಟು ಮೇಲಿತ್ತು. ಅಂದರೆ ಶಕ್ತಿಯಲ್ಲಿ ಮೂವತ್ತು ಸಾವಿರ ಪಟ್ಟು. ಗುಡ್ಡದ ಮೇಲೆ ಯಾಗಿ ನಿಲ್ಲಿಸಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಪರದೆ ನೋಡಿದೆ. ಮೈಸೂರು ಅತಿ ಜೋರಾಗುವ ಜಾಗದಲ್ಲಿ ನಾನು ನಿಲ್ಲಿಸಲಿಲ್ಲ. ಅಲ್ಲಿಂದ ಒಂದೆರಡು ಬೆರಳು ಆಚೆ, ಮಡಿಕೇರಿ ದಢಕ್ಕನೆ ಕುಸಿಯುವ ಜಾಗ ಒಂದಿತ್ತು. ಅಲ್ಲಿ ಕಟ್ಟಿದೆ. ಮೈಸೂರು ಕಳೆದುಕೊಂಡದ್ದು ಅರ್ಧ ಡಿಬಿಯೂ ಇರಲಿಕ್ಕಿಲ್ಲ. ಅಂತರ ಮಾತ್ರ ಇಪ್ಪತ್ತು ಚಿಲ್ಲರೆ ಡಿಬಿಗೆ ಇಳಿಯಿತು. ಪೂರ್ತಿ ಸೊನ್ನೆ ಆಗುವುದಿಲ್ಲ. ಗುಡ್ಡಗಳಿಗೆ ಬಡಿದು ವಾಪಸ್ ಬರುವ ಸಿಗ್ನಲ್ ಇದ್ದೇ ಇರುತ್ತದೆ.

ಮಡಿಕೇರಿಯನ್ನು ಫಿಲ್ಟರ್ ಹಾಕಿ ಕತ್ತರಿಸಬಹುದಿತ್ತಲ್ಲ ಅಂತ ಗೆಳೆಯನೊಬ್ಬ ಕೇಳಿದ. ಕಾಲು ಅಲೆಯಷ್ಟು ಕೇಬಲ್ ತುಂಡನ್ನು ತುದಿ ತೆರೆದು ಟಿ ಆಕಾರದಲ್ಲಿ ಸೇರಿಸಿದರೆ ಆ ಫ್ರೀಕ್ವೆನ್ಸಿ ಅಲ್ಲೇ ಶಾರ್ಟ್ ಆಗುತ್ತದೆ. ಟಿವಿ ಚಾನೆಲ್‌ಗೆ ಎಫ್‌ಎಂ ತೊಂದರೆ ಕೊಡುವಾಗ ಇದು ಬಹಳ ಒಳ್ಳೆ ಉಪಾಯ. ಆದರೆ 103.1ಕ್ಕೂ 100.6ಕ್ಕೂ ಅಂತರ ಎರಡೂವರೆ ಮೆಗಾಹರ್ಟ್ಸ್. ಕೇಬಲ್ ತುಂಡಿಗೆ ಅಷ್ಟು ಸೂಕ್ಷ್ಮ ಗೊತ್ತಾಗುವುದಿಲ್ಲ. ಮೈಸೂರೂ ಅದರ ಜೊತೆ 20 ಡಿಬಿಗಿಂತ ಜಾಸ್ತಿ ಹೋಗಿಬಿಡುತ್ತದೆ. ಹತ್ತಿರದ ಫ್ರೀಕ್ವೆನ್ಸಿಗೆ ದಿಕ್ಕೇ ಫಿಲ್ಟರ್.

ಆಂಟೆನಾ ಇರುವುದು ಗುಡ್ಡದ ಮೇಲೆ, ಮನೆ ಕೆಳಗೆ. ಮಧ್ಯೆ 80 ಮೀಟರ್ ಕೇಬಲ್. ಆರ್‌ಜಿ-6 ಕೇಬಲ್ 100 ಮೆಗಾಹರ್ಟ್ಸ್‌ನಲ್ಲಿ ನೂರು ಮೀಟರ್‌ಗೆ ಆರು, ಆರೂವರೆ ಡಿಬಿ ತಿನ್ನುತ್ತದೆ. ನಮ್ಮ 80 ಮೀಟರ್‌ಗೆ 5 ಡಿಬಿ. ಮೂರು ಪಾಲು ಸಿಗ್ನಲ್ ಹೊರಟರೆ ಮನೆ ಮುಟ್ಟುವುದು ಒಂದೇ ಪಾಲು. ಬೂಸ್ಟರ್ ಬೇಕು ಅಂತ ಆದದ್ದು ಈ ಕಾರಣಕ್ಕೆ. ಆಂಟೆನಾ ಕೆಲಸ ಮುಗಿದ ಮೇಲೆ ಮೈಸೂರು ಕೇಳುವ ಹಾಗೆ ಬರುತ್ತಿತ್ತು, ಆದರೆ ಹಿಂದೆ ಶ್‌ಶ್ ಅನ್ನುವುದು ನಿಂತಿರಲಿಲ್ಲ.

ಎಷ್ಟು ಗೇನ್ ಬೇಕು? ಕೇಬಲ್ ತಿನ್ನುವುದಕ್ಕಿಂತ ಒಂದು 10 ಡಿಬಿ ಜಾಸ್ತಿ ಇದ್ದರೆ ಧಾರಾಳ ಆಯಿತು. ನಮಗೆ 15 ಸಾಕು. ಅದಕ್ಕಿಂತ ಮೇಲೆ ಹೋದರೆ ರೇಡಿಯೊ ತಡೆಯುವುದಿಲ್ಲ. ಡಬ್ಬದ ಮೇಲೆ 30 ಡಿಬಿ, 40 ಡಿಬಿ ಅಂತ ದಪ್ಪಕ್ಷರದಲ್ಲಿ ಬರೆದದ್ದು ನೋಡಿ ಕೊಳ್ಳುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಈಗ ಆನ್‌ಲೈನ್‌ನಲ್ಲಿ ಎಸ್‌ಪಿಎಫ್5189 ಚಿಪ್ಪಿನ ಪುಟ್ಟ ಬೋರ್ಡ್ ಸಿಗುತ್ತದೆ. ನಾಯ್ಸ್ ಫಿಗರ್, ಅಂದರೆ ತಾನೇ ಸೇರಿಸುವ ಸದ್ದು, 0.6 ಡಿಬಿ ಮಾತ್ರ ಅಂತ ಅದಕ್ಕೆ ಭಾರಿ ಹೆಸರು. ಚಿಪ್ ಒಳ್ಳೆಯದೇ, ಜೋರು ಸಿಗ್ನಲ್ ತಡೆಯುವ ತಾಕತ್ತೂ ಇದೆ. ಆದರೆ ಎಫ್‌ಎಂ ಬ್ಯಾಂಡ್‌ನಲ್ಲಿ ಆ 0.6ಕ್ಕೆ ದುಡ್ಡು ಕೊಡುವುದು ದಂಡ. 100 ಮೆಗಾಹರ್ಟ್ಸ್ ಹತ್ತಿರ ಆಕಾಶವೇ ಗದ್ದಲದ್ದು. ನಮ್ಮ ಕ್ಷೀರಪಥದಿಂದ ಬರುವ ಸದ್ದು ತಾಪಮಾನದ ಲೆಕ್ಕದಲ್ಲಿ ಹೇಳಿದರೆ ಒಂದು ಸಾವಿರ ಕೆಲ್ವಿನ್ ಆಸುಪಾಸು ಇರುತ್ತದೆ. ಅದರ ಮುಂದೆ ಬೂಸ್ಟರ್‌ನ ಸದ್ದು 0.6 ಆದರೇನು, ಒಂದೂವರೆ ಆದರೇನು. ಉಪಗ್ರಹದ ಫ್ರೀಕ್ವೆನ್ಸಿಯಲ್ಲಿ ಆ ಲೆಕ್ಕ ಬೇರೆ. ಅಲ್ಲಿ ಆಕಾಶ ತಣ್ಣಗಿರುತ್ತದೆ. ನನಗೆ ಬೇಕಾಗಿದ್ದದ್ದು 100.6ರ ಸುತ್ತ ಮಾತ್ರ ಎತ್ತುವ, ಉಳಿದದ್ದನ್ನು ಆದಷ್ಟು ಹೊರಗಿಡುವ ಬೂಸ್ಟರ್.

ಅಟ್ಟದ ಮೇಲೆ ಹಳೆ ಕಲರ್ ಟಿವಿಗಳ ಟ್ಯೂನರ್ ಡಬ್ಬಿಗಳು ಬಿದ್ದಿದ್ದವು. ತಗಡು ಮುಚ್ಚಳ ಎಬ್ಬಿಸಿದರೆ ಒಳಗೆ ನಾಲ್ಕು ಕಾಲಿನ ಪುಟ್ಟ ಭಾಗ, ಎರಡು ಗೇಟಿನ ಮಾಸ್‌ಫೆಟ್ ಅನ್ನುವ ಟ್ರಾನ್ಸಿಸ್ಟರ್. ನನಗೆ ಸಿಕ್ಕಿದ್ದು ಬಿಎಫ್998. ಅಕ್ಕಿಕಾಳಿಗಿಂತ ಚಿಕ್ಕದು. ಒಂದು ಕಾಲು ಉಳಿದವಕ್ಕಿಂತ ಅಗಲ ಇರುತ್ತದೆ, ಅದು ಸೋರ್ಸ್. ಉಳಿದವು ಡ್ರೈನ್ ಮತ್ತು ಎರಡು ಗೇಟ್. ಭೂತಗನ್ನಡಿ ಇಲ್ಲದೆ ನನ್ನ ವಯಸ್ಸಿನಲ್ಲಿ ಆಗದ ಕೆಲಸ. ಡ್ರೈನ್‌ಗೆ 8 ವೋಲ್ಟ್, ಎರಡನೇ ಗೇಟಿಗೆ 4 ವೋಲ್ಟ್, 10 ಮಿಲಿಆಂಪ್ ಕರೆಂಟ್. ಎರಡನೇ ಗೇಟಿನ ವೋಲ್ಟೇಜ್ ಇಳಿಸಿದರೆ ಗೇನ್ ಇಳಿಯುತ್ತದೆ. ಅಲ್ಲಿ ಒಂದು ಪ್ರೀಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಹಾಕಿದರೆ ಬೇಕಾದಷ್ಟಕ್ಕೆ ನಿಲ್ಲಿಸಬಹುದು. ಅದಕ್ಕೇ ನನಗೆ ಈ ಭಾಗ ಇಷ್ಟ.

ಮೊದಲನೇ ಗೇಟಿನ ಮುಂದೆ ಒಂದು ಸುರುಳಿ, ಒಂದು ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಕೆಪಾಸಿಟರ್). ಸುರುಳಿ ಸುತ್ತಿದ್ದು 8 ಮಿ.ಮೀ. ಡ್ರಿಲ್ ಬಿಟ್‌ನ ಹಿಂಬದಿಯ ಮೇಲೆ, 19 ಗೇಜಿನ ತಾಮ್ರದ ತಂತಿ, ಐದು ಸುತ್ತು, ಒಂದು ಸೆಂಟಿಮೀಟರ್ ಉದ್ದಕ್ಕೆ ಎಳೆದದ್ದು. ಇದಕ್ಕೆ 22 ಪಿಕೊಫ್ಯಾರಡ್ ಟ್ರಿಮ್ಮರ್ ಸೇರಿಸಿದರೆ 100.6 ನಡುಮಧ್ಯದಲ್ಲಿ ಸಿಗುತ್ತದೆ. ಆಂಟೆನಾದ ವೈರನ್ನು ಸುರುಳಿಯ ಗ್ರೌಂಡ್ ಕಡೆಯಿಂದ ಒಂದು ಸುತ್ತಿನ ಮೇಲೆ ಬೆಸುಗೆ ಹಾಕಿದೆ. ಡ್ರೈನ್ ಕಡೆಗೂ ಅಂಥದ್ದೇ ಇನ್ನೊಂದು. ಟ್ರಿಮ್ಮರ್ ತಿರುಗಿಸಲು ಕಬ್ಬಿಣದ ಸ್ಕ್ರೂಡ್ರೈವರ್ ಬೇಡ. ಕೈ ತೆಗೆದ ಕೂಡಲೇ ಟ್ಯೂನ್ ಓಡಿಹೋಗುತ್ತದೆ. ನಾನು ಬಿದಿರಿನ ಕಡ್ಡಿಯ ತುದಿ ಚೂಪು ಮಾಡಿ ಬಳಸಿದೆ.

ಎರಡು ಸುರುಳಿಗಳೂ ಒಂದನ್ನೊಂದು ನೋಡುವ ಹಾಗೆ ಇಡಬಾರದು. ಇಟ್ಟರೆ ಬೂಸ್ಟರ್ ತನ್ನ ಪಾಡಿಗೆ ತಾನು ಹಾಡುವುದಕ್ಕೆ ಶುರು ಮಾಡುತ್ತದೆ. ಆಸಿಲೇಷನ್. ಕೈ ಹತ್ತಿರ ತಂದರೆ ಜಾಗ ಬದಲಿಸುವ, ಮಾತಿಲ್ಲದ ನಿಶ್ಶಬ್ದ ಸ್ಟೇಷನ್ ಬ್ಯಾಂಡ್‌ನಲ್ಲಿ ಕಂಡರೆ ಇದೇ ರೋಗ. ಆಗ ಅದು ಬೂಸ್ಟರ್ ಅಲ್ಲ, ಟ್ರಾನ್ಸ್‌ಮಿಟರ್. ಆಂಟೆನಾದಿಂದ ಹೊರಟು ಅಕ್ಕಪಕ್ಕದವರ ರೇಡಿಯೊವನ್ನೂ ಕೆಡಿಸುತ್ತದೆ. ಮಧ್ಯೆ ಬಿಸ್ಕತ್ತಿನ ಡಬ್ಬಿಯ ತಗಡು ಕತ್ತರಿಸಿ ನಿಲ್ಲಿಸಿ, ಗ್ರೌಂಡ್‌ಗೆ ಬೆಸುಗೆ ಹಾಕಿದೆ. ಡ್ರೈನ್ ಕಾಲಿಗೆ ಒಂದು ಫೆರೈಟ್ ಮಣಿ ತೊಡಿಸಿದೆ. ಸುಮ್ಮನಾಯಿತು.

ಕರೆಂಟ್ ಕೆಳಗಿನಿಂದಲೇ. ಮನೆಯಲ್ಲಿ ಒಂದು ಪುಟ್ಟ ಡಬ್ಬಿ. ಅದರಲ್ಲಿ 12 ವೋಲ್ಟ್ ಒಂದು ಚೋಕ್ (ಡಿಸಿಯನ್ನು ಮಾತ್ರ ಹಾಯಲು ಬಿಡುವ ಸುರುಳಿ) ಮೂಲಕ ಕೇಬಲ್‌ಗೆ ಹತ್ತುತ್ತದೆ. ರೇಡಿಯೊ ಕಡೆಗೆ ಡಿಸಿ ಹೋಗದ ಹಾಗೆ 1 ನ್ಯಾನೊಫ್ಯಾರಡ್ ಕೆಪಾಸಿಟರ್. ಮೇಲೂ ಹೀಗೇ ಬೇರ್ಪಡಿಸಿ 8 ವೋಲ್ಟ್ ರೆಗ್ಯುಲೇಟರ್. ಇಲ್ಲಿ ಕೇಬಲ್ ಬಗ್ಗೆ ಒಂದು ಮಾತು. ಕೊಳ್ಳುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಒಳಗಿನ ತಂತಿ ನೋಡಲು ತಾಮ್ರದ ಬಣ್ಣ, ಅಯಸ್ಕಾಂತಕ್ಕೆ ಟಕ್ ಅಂತ ಅಂಟಿಕೊಂಡರೆ ಒಳಗೆ ಉಕ್ಕು, ಮೇಲೆ ತಾಮ್ರದ ಲೇಪ. ಸಿಗ್ನಲ್‌ಗೆ ಏನೂ ತೊಂದರೆ ಇಲ್ಲ, ಈ ಫ್ರೀಕ್ವೆನ್ಸಿಯಲ್ಲಿ ಅದು ತಂತಿಯ ಚರ್ಮದಲ್ಲೇ ಓಡುತ್ತದೆ. ಡಿಸಿಗೆ ಮಾತ್ರ ದಾರಿ ಕಷ್ಟ, ಎಂಬತ್ತು ಮೀಟರ್‌ಗೆ ಏಳೆಂಟು ಓಮ್ ಆಗಿಬಿಡುತ್ತದೆ. ನನ್ನ ಬೂಸ್ಟರ್ ಎಳೆಯುವುದು ಹದಿನೈದು ಮಿಲಿಆಂಪ್, ಅದಕ್ಕೆ ನಡೆಯುತ್ತದೆ. ಆ ಆನ್‌ಲೈನ್ ಬೋರ್ಡ್ 90 ಮಿಲಿಆಂಪ್ ಕೇಳುತ್ತದೆ, ಅದೂ 5 ವೋಲ್ಟ್‌ನಲ್ಲಿ. ಕೆಳಗಿನಿಂದ ಮೊಬೈಲ್ ಚಾರ್ಜರ್‌ನ 5 ವೋಲ್ಟ್ ಕಳಿಸಿದರೆ ಮೇಲೆ ಹೋಗುವಾಗ ನಾಲ್ಕು ಚಿಲ್ಲರೆ ಉಳಿಯುತ್ತದೆ.

ಚಾರ್ಜರ್ ಅಂದೆ ನೋಡಿ. ಅದನ್ನು ಬಳಸಲೇಬೇಡಿ. ಹಗುರವಾದ ಅಡಾಪ್ಟರ್‌ಗಳೆಲ್ಲ ಸ್ವಿಚಿಂಗ್ ಜಾತಿ, ಅವುಗಳ ಕಿರಿಕಿರಿ ಕೇಬಲ್ ಹತ್ತಿ ಮೇಲೆ ಹೋಗುತ್ತದೆ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ, ಕೈಗೆ ಭಾರ ಅನ್ನಿಸುವ ಹಳೆ ಅಡಾಪ್ಟರ್ ಹುಡುಕಿ. ಎಲ್‌ಇಡಿ ಬಲ್ಬುಗಳದ್ದೂ ಇದೇ ಕಾಟ. ಮನೆಯಲ್ಲಿ ಒಂದೊಂದೇ ಸ್ವಿಚ್ ಆರಿಸುತ್ತಾ ರೇಡಿಯೊ ಕೇಳಿದರೆ ಕಳ್ಳ ಯಾರು ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಅದು ಬಚ್ಚಲು ಮನೆಯ ಬಲ್ಬು.

ಇನ್ನೊಂದು ಸದ್ದು ಇತ್ತು. ಸೆಕೆಂಡಿಗೆ ಒಂದು ಸಲ ಟಕ್, ಟಕ್, ಟಕ್. ಕಾಡಂಚಿನ ತೋಟದವರಿಗೆ ಹೇಳಬೇಕಾಗಿಲ್ಲ, ಆನೆಗೆ ಅಂತ ಹಾಕಿದ ಝಟ್ಕಾ ಬೇಲಿ. ತಂತಿಗೆ ಎಲ್ಲಾದರೂ ಗಿಡ ತಾಗಿಕೊಂಡರೆ, ಇನ್ಸುಲೇಟರ್ ಒಡೆದಿದ್ದರೆ ಅಲ್ಲಿ ಕಿಡಿ ಹಾರುತ್ತದೆ. ರೇಡಿಯೊಗೆ ಆ ಕಿಡಿಯೇ ಶತ್ರು. ಕತ್ತಲಾದ ಮೇಲೆ ಟಾರ್ಚ್ ಆರಿಸಿಕೊಂಡು ಬೇಲಿ ಉದ್ದಕ್ಕೂ ನಡೆದರೆ ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ. ಲಂಟಾನ ಸವರಿ ಎರಡು ಇನ್ಸುಲೇಟರ್ ಬದಲಿಸಿದ ಮೇಲೆ ಟಕ್ ನಿಂತಿತು. ಬೇಲಿಯ ಹೊಡೆತವೂ ಜೋರಾಯಿತು ಅಂತ ಪಕ್ಕದ ತೋಟದವರು ಹೇಳಿದರು.

ಇದನ್ನೆಲ್ಲ ಕೇಳುವ ರೇಡಿಯೊ ಯಾವುದು ಅಂದರೆ, ಕಾರಿನ ಸ್ಟೀರಿಯೊ. ಹಳೆ ಕಾರಿಂದ ಬಿಚ್ಚಿದ್ದು. ಕೈಯಲ್ಲಿ ಹಿಡಿಯುವ ಅಗ್ಗದ ಸೆಟ್ಟುಗಳಿಗೆ 100.3 ಮತ್ತು 100.6 ಬೇರೆ ಬೇರೆ ಅಂತ ಸರಿಯಾಗಿ ತಿಳಿಯುವುದಿಲ್ಲ. ಕಾರಿನದ್ದಕ್ಕೆ ತಿಳಿಯುತ್ತದೆ. ಓಡುವ ಗಾಡಿಯಲ್ಲಿ ಕೆಲಸ ಮಾಡಲು ಅಂತಲೇ ಮಾಡಿದ ಟ್ಯೂನರ್ ಅದು. ಗುಜರಿಯಲ್ಲಿ ಕೇಳಿದ ರೇಟಿಗೆ ಸಿಗುತ್ತದೆ, ಇದಕ್ಕಿಂತ ಒಳ್ಳೆಯ ಎಫ್‌ಎಂ ಸೆಟ್ಟು ಆ ದುಡ್ಡಿಗೆ ಬರುವುದಿಲ್ಲ. ಚಳಿಗಾಲದ ಕೆಲವು ಬೆಳಗ್ಗೆ ಮಂಗಳೂರು ಘಟ್ಟ ಹತ್ತಿ ಬಂದು ಜೋರಾದಾಗ ಮಾತ್ರ ಮೈಸೂರಿನ ಅಂಚಿನಲ್ಲಿ ಸ್ವಲ್ಪ ಸರಸರ ಕೇಳುತ್ತದೆ. ಇದಕ್ಕೆ ಬೂಸ್ಟರ್‌ನಲ್ಲಿ ಮದ್ದಿಲ್ಲ. ಎರಡನ್ನೂ ಅದು ಒಂದೇ ಸಮ ಎತ್ತುತ್ತದೆ.

ಬೂಸ್ಟರ್ ಹಾಕಿದ ಮೇಲೆ ಶ್‌ಶ್ ಹೋಯಿತು. ಸ್ಟೀರಿಯೊ ದೀಪ ಹತ್ತಿತು. 101.3ಕ್ಕೆ ಹೋಗಿ ನೋಡಿದೆ, ಖಾಲಿ. ಅತ್ತೆ ಬಂದು ಕೂತು ಸ್ವಲ್ಪ ಹೊತ್ತು ಕೇಳಿದರು. "ಸೌಂಡು ಸ್ವಲ್ಪ ಕಮ್ಮಿ ಮಾಡಿ" ಅಂದರು. ಅಷ್ಟೇ ಪ್ರಶಸ್ತಿ.

ಕೊಡಗಿನ ಮಳೆಗೆ ಯಾವ ಡಬ್ಬಿಯೂ ಗಟ್ಟಿ ಅಲ್ಲ. ಬೂಸ್ಟರನ್ನು ಪಿವಿಸಿ ಪೈಪಿನ ತುಂಡಿನಲ್ಲಿಟ್ಟು ಮೇಲೆ ಕ್ಯಾಪ್ ಅಂಟಿಸಿದೆ, ಕೆಳಗೆ ಬಿಗಿ ಮಾಡಲಿಲ್ಲ. ಪೂರ್ತಿ ಮುಚ್ಚಿದರೆ ಒಳಗಿನ ತೇವ ಒಳಗೇ ಉಳಿದು ತಗಡು ತುಕ್ಕು ಹಿಡಿಯುತ್ತದೆ. ಕೆಳಗೆ ಒಂದು ತೂತು ಬೇಕು, ತೂತಿಗೆ ಸೊಳ್ಳೆ ಪರದೆಯ ತುಂಡು ಬೇಕು. ಪರದೆ ಇಲ್ಲದಿದ್ದರೆ ಕುಂಬಾರ ಹುಳ ಬಂದು ಮಣ್ಣು ಮೆತ್ತಿ ಮನೆ ಕಟ್ಟುತ್ತದೆ. ಕೇಬಲ್ ಡಬ್ಬಿಗೆ ಸೇರುವ ಮೊದಲು ಕೆಳಕ್ಕೆ ಒಂದು ಬಾಗು ಬಿಡಬೇಕು, ನೀರು ಅಲ್ಲಿಂದ ತೊಟ್ಟಿಕ್ಕಿ ಹೋಗಲಿ ಅಂತ. ಜಾಯಿಂಟ್‌ಗಳಿಗೆ ಎಂ-ಸೀಲ್ ಮೆತ್ತುವುದು ನನಗೆ ಇಷ್ಟ ಇಲ್ಲ, ಆಮೇಲೆ ಬಿಚ್ಚಲು ಆಗುವುದಿಲ್ಲ. ಎಳೆದು ಸುತ್ತಿದರೆ ತನಗೆ ತಾನೇ ಅಂಟುವ ರಬ್ಬರ್ ಟೇಪ್ ವಾಸಿ.

ಮಳೆಗಿಂತ ಭಯ ಸಿಡಿಲಿನದ್ದು. ಕಾಫಿಗೆ ಹೂಮಳೆ ಬರುವ ಮಾರ್ಚ್, ಏಪ್ರಿಲ್ ಹೊತ್ತಿಗೆ ಗುಡುಗು ಶುರು. ಕಂಬದ ಬುಡದಲ್ಲಿ ತಾಮ್ರದ ರಾಡ್ ಹೂತು ದಪ್ಪ ತಂತಿಯಲ್ಲಿ ಅರ್ತಿಂಗ್ ಮಾಡಿದ್ದೇನೆ. ಬೂಸ್ಟರ್ ಬಾಯಿಗೆ ಎರಡು 1ಎನ್4148 ಡಯೋಡ್ ಒಂದಕ್ಕೊಂದು ತಲೆಕೆಳಗಾಗಿ ಜೋಡಿಸಿದ್ದೇನೆ. ಇವು ದೂರದ ಮಿಂಚಿನಿಂದ ಕಾಪಾಡುತ್ತವೆ. ನೇರ ಬಡಿದರೆ ಡಯೋಡೂ ಇಲ್ಲ, ಬೂಸ್ಟರೂ ಇಲ್ಲ. ಮೋಡ ಕಟ್ಟಿದ ಕೂಡಲೇ ಮನೆಯ ಹೊರಗಿರುವ ಜಾಯಿಂಟ್ ಬಿಚ್ಚಿ ಕೇಬಲ್ ದೂರ ಇಡುವುದು ನಮ್ಮಲ್ಲಿ ಬಟ್ಟೆ ಒಳಗೆ ತರುವ ಜೊತೆಗೇ ನಡೆಯುವ ಕೆಲಸ.

ಆಂಟೆನಾ ನೋಡಿದ ಪಕ್ಕದ ತೋಟದವರು ಮೊನ್ನೆ ಕೇಳಿದರು. "ಅಣ್ಣಾ, ಹಾಗಾದ್ರೆ ಮೊಬೈಲ್‌ಗೂ ಒಂದು ಬೂಸ್ಟರ್ ಮಾಡ್ಕೊಡಿ." ಅದು ಬೇರೆ ಎಂದೆ. ರೇಡಿಯೊ ಬೂಸ್ಟರ್ ಕೇಳುತ್ತದೆ ಅಷ್ಟೇ, ವಾಪಸ್ ಏನೂ ಕಳಿಸುವುದಿಲ್ಲ. ಮೊಬೈಲ್ ಬೂಸ್ಟರ್ ಟವರ್ ಕಡೆಗೂ ಸಿಗ್ನಲ್ ಬಿಡುತ್ತದೆ. ಅನುಮತಿ ಇಲ್ಲದೆ ಅದನ್ನು ಹಾಕುವುದು ನಮ್ಮ ದೇಶದಲ್ಲಿ ಕಾನೂನು ಪ್ರಕಾರ ತಪ್ಪು. ಕೆಟ್ಟ ಬೂಸ್ಟರ್ ಒಂದು ಸುತ್ತಲಿನವರ ಫೋನನ್ನೂ ಹಾಳು ಮಾಡಬಹುದು. ಅವರಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ. ಮನೆಗೆ ಹೋಗಿ ಟವರ್ ಯಾವ ದಿಕ್ಕಿಗಿದೆ ಅಂತ ನೋಡಿಕೊಂಡು ಬನ್ನಿ, ಆಮೇಲೆ ಮಾತಾಡೋಣ ಎಂದು ಕಳಿಸಿದ್ದೇನೆ.